ಡೆಕ್ಕಿನಿಂದ ಕೋಲ್ಕತ್ತ ಕಾಣುವುದಿಲ್ಲ

ಹೂಗ್ಲಿ ನದಿಯ ಮೇಲೆ ಒಂದು ಸಂಜೆ ಕ್ರೂಸಿನಲ್ಲಿ ತೇಲಿ ಬಂದವರು 'ಕೋಲ್ಕತ್ತ ನೋಡಿದೆವು' ಅನ್ನುತ್ತಾರೆ. ನನ್ನ ತಕರಾರು 'ನೋಡಿದೆವು' ಎಂಬ ಮಾತಿನ ಬಗ್ಗೆ. ಅವರು ನೋಡಿದ್ದು ದೀಪ ಹೊತ್ತಿದ ಹೌರಾ ಸೇತುವೆ, ನಾಲ್ಕಾರು ಘಾಟುಗಳು ಮತ್ತು ತಮ್ಮದೇ ಸೆಲ್ಫಿ.

ಈ ನಗರದ ಹೆಬ್ಬಾಗಿಲು ಈ ನದಿ. 1856ರಲ್ಲಿ ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಬಂದು ನೆಲೆಸಿದ ಮೆಟಿಯಾಬ್ರುಜ್ ಇದೇ ದಡದಲ್ಲಿದೆ. 1873ರಲ್ಲಿ 'ಲಲ್ಲಾ ರೂಖ್' ಹಡಗು ಸುಮಾರು 400 ಕರಾರು ಕೂಲಿಗಳನ್ನು ತುಂಬಿಕೊಂಡು ದೂರದ ಸುರಿನಾಮಿಗೆ ಹೊರಟಿದ್ದು ಇಲ್ಲಿಂದಲೇ. ದಡದ ಸೆಣಬಿನ ಗಿರಣಿಗಳಲ್ಲಿ ಬಿಹಾರದಿಂದ ಬಂದವರ ತಲೆಮಾರುಗಳೇ ಸವೆದಿವೆ. ಡೆಕ್ಕಿನಲ್ಲಿ ನಿಂತವರಿಗೆ ಗಿರಣಿಯ ಚಿಮಣಿ ಸೂರ್ಯಾಸ್ತದ ಫೋಟೊಕ್ಕೊಂದು ಹಿನ್ನೆಲೆ, ಅಷ್ಟೆ.

'ದಣಿದು ಬಂದವರು ಸುಮ್ಮನೆ ತೇಲಲೂ ಬಾರದೆ?' ಎಂದು ಕೇಳಬಹುದು. ಧಾರಾಳವಾಗಿ ತೇಲಲಿ. ದೂರದಿಂದ ಎಲ್ಲ ದಡವೂ ಚೆಂದವೇ. ಆದರೆ ಆ ಚೆಂದವನ್ನೇ ನಗರದ ಪರಿಚಯವೆಂದು ಟಿಕೆಟ್ ಹರಿದು ಮಾರುವುದನ್ನು ನಾವು ಒಪ್ಪಬೇಕಾಗಿಲ್ಲ.

ಅದೇ ನೀರಿನ ಮೇಲೆ ಹೌರಾದಿಂದ ಕೋಲ್ಕತ್ತದ ದಡಕ್ಕೆ ಕೆಲವೇ ರೂಪಾಯಿಗೆ ಫೆರಿ ಓಡುತ್ತದೆ. ಅದರಲ್ಲಿ ಇರುವವರು ಕಚೇರಿಗೆ ಹೊತ್ತಾದವರು, ಮೂಟೆ ಹೊತ್ತವರು, ಶಾಲೆಯ ಮಕ್ಕಳು. ಅವರಿಗೆ ನದಿ ದಿನದ ದಾರಿ. ಅವರ ನಡುವೆ ನಿಂತು ಒಮ್ಮೆ ದಾಟಿ. ಸೇತುವೆಯ ಬುಡದ ಮಲ್ಲಿಕ್ ಘಾಟಿನ ಹೂವಿನ ಸಂತೆಯಲ್ಲಿ, ಕೊಳೆತ ಚೆಂಡುಹೂವು ತುಳಿಯುತ್ತ, ಹೊರೆಯವರ ಬೈಗುಳ ಕೇಳುತ್ತ ನಡೆಯಿರಿ. ಆಮೇಲೆ ಊರಿಗೆ ಹೋಗಿ ಹೇಳಿ, ಕೋಲ್ಕತ್ತವನ್ನು ಒಂದಿಷ್ಟು ನೋಡಿ ಬಂದೆ ಎಂದು.