‘ಎ ಪನೀನಿ’ ಎಂದರೆ ತಪ್ಪೇನು?

ಇಟಲಿ ಮೂಲದ ಒಂದು ಸ್ಯಾಂಡ್‌ವಿಚ್ಚಿಗೆ ಇಂಗ್ಲಿಷಿನಲ್ಲಿ ‘ಎ ಪನೀನಿ’ ಎಂದವರನ್ನು ತಿದ್ದಲು ಹೊರಡುವ ಶುದ್ಧಿವಾದಿಗಳ ಮೊದಲ ಆಕ್ಷೇಪ ಇದು: ಇಟಾಲಿಯನ್ನಿನಲ್ಲಿ ಒಂದಾದರೆ ಪನೀನೋ, ಹಲವಾದರೆ ಪನೀನಿ, ಆದ್ದರಿಂದ ‘ಎ ಪನೀನಿ’ ವ್ಯಾಕರಣದೋಷ. ಮೊದಲರ್ಧ ನಿಜ. ಎಡವಟ್ಟಾಗಿರುವುದು ಆ ‘ಆದ್ದರಿಂದ’ದಲ್ಲಿ. ಇದೇ ನಿಯಮ ಹಿಡಿದರೆ ಇಂಗ್ಲಿಷಿನವರು ತಟ್ಟೆಯ ಸ್ಪಗೆಟ್ಟಿಗೂ ಗೋಡೆಯ ಗ್ರಾಫಿಟಿಗೂ ಬಹುವಚನದ ಕ್ರಿಯಾಪದವನ್ನೇ ಹಚ್ಚಬೇಕು, ಸಲಾಮಿಯನ್ನು ಸಲಾಮೆ ಎನ್ನಬೇಕು. ಅದನ್ನೆಲ್ಲ ಬಾಯಿ ಮುಚ್ಚಿಕೊಂಡು ಒಪ್ಪಿದವರಿಗೆ ಪನೀನಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಅದು ಹೊಸಬ ಎಂಬ ಕಾರಣಕ್ಕೆ ಅಷ್ಟೇ.

‘ಪನೀನೀಸ್’ ಎಂದರೆ ಬಹುವಚನದ ಮೇಲೆ ಬಹುವಚನವಂತೆ. ಇರಲಿ. ಹಾಗಿದ್ದರೆ ‘ಚಿಲ್ಡ್ರನ್’ ಕೂಡ ಬಿಡಬೇಕಾಗುತ್ತದೆ. ಅದರಲ್ಲೂ ಹಳೆಯ ಬಹುವಚನದ ಬೆನ್ನಿಗೆ ಇನ್ನೊಂದು ಪ್ರತ್ಯಯ ಕೂತಿದೆ. ನಮ್ಮ ಬಸ್ಸಿನಲ್ಲಿ ‘ಒಬ್ಬರು ಲೇಡೀಸ್ ನಿಂತಿದ್ದಾರೆ, ಸೀಟು ಬಿಡಿ’ ಎಂದು ಕಂಡಕ್ಟರ್ ಕೂಗಿದರೆ ಯಾರೂ ವಚನದೋಷ ಎಣಿಸುವುದಿಲ್ಲ, ಎದ್ದು ಸೀಟು ಬಿಡುತ್ತಾರೆ.

ಮೂರನೆಯ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಇಟಲಿಯಲ್ಲಿ ಪನೀನೋ ಎಂದರೆ ಬನ್ನು ಸೀಳಿ ನಡುವೆ ಮೊರ್ತದೆಲ್ಲಾ ಎಂಬ ಮಾಂಸದ ಹೋಳನ್ನೋ ಚೀಸನ್ನೋ ಇಟ್ಟದ್ದು, ಬಿಸಿ ಮಾಡಲೇಬೇಕೆಂದಿಲ್ಲ. ಇಂಗ್ಲಿಷಿನವರ ಪನೀನಿಯಾದರೋ ಏಣುಗಳಿರುವ ಕಾದ ಕಬ್ಬಿಣದ ನಡುವೆ ಅದುಮಿಸಿಕೊಂಡು, ಮೈಮೇಲೆ ಕಂದು ಬರೆ ಎಳೆಸಿಕೊಂಡು, ಅಂಚಿನಿಂದ ಚೀಸ್ ಇಳಿಸುತ್ತಾ ಬರುವಂಥದ್ದು. ಅರ್ಥವನ್ನೇ ಕೆಡಿಸಿದರಲ್ಲ ಎನ್ನುತ್ತಾರೆ. ಸರಿ, ಇಟಲಿಯ ಯಾವುದಾದರೂ ಬಾರಿಗೆ ಹೋಗಿ ‘ಟೋಸ್ಟ್’ ಕೇಳಿ. ಇಂಗ್ಲಿಷಿನ ಟೋಸ್ಟ್ ಎಂದರೆ ಬರೀ ಸುಟ್ಟ ಬ್ರೆಡ್ಡು. ಅಲ್ಲಿ ಕೈಗೆ ಬರುವುದು ಹ್ಯಾಮೂ ಚೀಸೂ ತುಂಬಿ ಬಿಸಿ ತಟ್ಟೆಗಳ ನಡುವೆ ಒತ್ತಿದ ಸ್ಯಾಂಡ್‌ವಿಚ್! ಇಂಗ್ಲಿಷಿನವರು ಪನೀನಿಗೆ ಮಾಡಿದ್ದನ್ನೇ ಇಟಲಿಯವರು ಟೋಸ್ಟಿಗೆ ಮಾಡಿದ್ದಾರೆ, ಅದೂ ಹೆಚ್ಚುಕಡಿಮೆ ಅದೇ ತಿಂಡಿಯ ವಿಷಯದಲ್ಲಿ. ‘ಸ್ಮೋಕಿಂಗ್’ ಎಂದರೆ ಅವರಿಗೆ ಔತಣಕೂಟದ ಕೋಟು. ಯಾವ ಆಂಗ್ಲನೂ ಅದಕ್ಕಾಗಿ ರೋಮಿಗೆ ದೂರು ಒಯ್ದಿಲ್ಲ.

ಪ್ರಮಾಣಗ್ರಂಥ ಬೇಕೇ? ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಪನೀನಿ ಏಕವಚನವಾಗಿಯೇ ಇದೆ, ಪನೀನೀಸ್ ಎಂಬ ಬಹುವಚನವೂ ಇದೆ. ನನಗೆ ಅದಕ್ಕಿಂತ ಪತಂಜಲಿಯ ಮಾತು ಹೆಚ್ಚು ಇಷ್ಟ. (ಇಂಗ್ಲಿಷ್ ಅಕ್ಷರದಲ್ಲಿ ಈ ತಿಂಡಿಗೂ, ಆತ ಭಾಷ್ಯ ಬರೆದ ನಮ್ಮ ಪಾಣಿನಿಗೂ ಒಂದೇ ಕಾಗುಣಿತ, ನೆನಪಿರಲಿ.) ಮಡಕೆ ಬೇಕಾದವರು ಕುಂಬಾರನ ಬಳಿ ಹೋಗುವಂತೆ ಶಬ್ದ ಬೇಕಾದವರು ವೈಯಾಕರಣನ ಬಾಗಿಲು ತಟ್ಟುವುದಿಲ್ಲ ಎಂದು ಮಹಾಭಾಷ್ಯದ ಆರಂಭದಲ್ಲೇ ಆತ ಹೇಳಿ ಮುಗಿಸಿದ್ದಾನೆ.

ಇನ್ನು, ಇಟಾಲಿಯನ್ನಿಗೆ ಅವಮಾನವಾಯಿತು ಎಂಬ ಕೊರಗು. ಇಟಾಲಿಯನ್ನಿನಲ್ಲಿ ಫಿಲ್ಮ್ ಒಂದಿದ್ದರೂ ಫಿಲ್ಮ್, ಹತ್ತಿದ್ದರೂ ಫಿಲ್ಮ್. ಇಂಗ್ಲಿಷಿನ ‘ಸ್’ ಅನ್ನು ಹೊಸಿಲಲ್ಲೇ ಬಿಡಿಸಿ ಒಳಗೆ ಕರೆದುಕೊಳ್ಳುವುದು ಅವರ ವಾಡಿಕೆ. ಮಿಲಾನಿನ ಕೌಂಟರಿನಲ್ಲಿ ನಿಂತಾಗ ‘ಉನ್ ಪನೀನೋ’ ಎನ್ನಿ, ಖಂಡಿತ ಎನ್ನಿ. ಅಲ್ಲಿ ನೀವು ಆಡುತ್ತಿರುವುದು ಅವರ ಭಾಷೆ. ಲಂಡನ್ನಿನಲ್ಲಿ ಪನೀನಿ ಕೇಳಿದವರು ಆಡುತ್ತಿರುವುದು ಇಂಗ್ಲಿಷು.