ಬಿಸಿಲಿನ ಬೀದಿಯಲ್ಲಿ ದಾಸೋಹ

ಬೆಂಗಳೂರಿನ ಹವೆ ತಂಪು ಎಂಬ ಮಾತನ್ನು ನಾವು ಬಾಲ್ಯದಿಂದ ಕೇಳುತ್ತ ಬಂದವರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ತ್ಯಾಗರಾಜನಗರ, ಎನ್.ಆರ್. ಕಾಲೋನಿ, ಯಡಿಯೂರಿನ ಆಸುಪಾಸಿನಲ್ಲಿ ಫ್ಯಾನಿಲ್ಲದೆ ಬೇಸಿಗೆ ಕಳೆಯುತ್ತಿದ್ದ ಮನೆಗಳು ಹಲವು. ಆ ಮಾತು ಈಗ ಹಳೆಯದಾಗಿದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿಗೆ ಏರಿತು. ಅದೇ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅನೇಕ ಬಡಾವಣೆಗಳು ಟ್ಯಾಂಕರ್ ನೀರಿಗೆ ಕಾದು ಕುಳಿತುದನ್ನು ಯಾರೂ ಮರೆತಿಲ್ಲ.

ಬಿಸಿಲಿನ ಜೊತೆಗೆ ಇಂಧನದ ಬೆಲೆಯೂ ಏರಿತು. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಹೆಚ್ಚಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ದುಬಾರಿಯಾಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಸುಮಾರು 2 ರೂಪಾಯಿ, ಅಡುಗೆ ಅನಿಲದ ಸಿಲಿಂಡರ್ 50 ರೂಪಾಯಿ ಏರಿದವು. ಅದೇ ವರ್ಷದ ಜನವರಿಯಲ್ಲಿ ನಗರ ಸಾರಿಗೆ ಬಸ್ಸಿನ ದರವೂ ಶೇಕಡಾ 15ರಷ್ಟು ಹೆಚ್ಚಿತ್ತು. ಈ ಏರಿಕೆಗಳು ಸರಿಯೋ ತಪ್ಪೋ ಎಂಬ ಚರ್ಚೆಗೆ ಬೇರೆ ವೇದಿಕೆಗಳಿವೆ. ಆರೋಗ್ಯದ ಈ ಪುಟದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಭಾರವನ್ನು ಕಡೆಗೆ ಹೊರುವ ದೇಹ ಯಾರದು?

ಬಿಸಿಲು ದೇಹಕ್ಕೆ ‘ನಿಲ್ಲು, ನೆರಳಿಗೆ ಹೋಗು’ ಎನ್ನುತ್ತದೆ. ಬೆಲೆಯೇರಿಕೆ ‘ನಿಲ್ಲಬೇಡ, ಇನ್ನೊಂದು ಗಂಟೆ ದುಡಿ’ ಎನ್ನುತ್ತದೆ. ಈ ಎರಡು ಆಜ್ಞೆಗಳ ನಡುವೆ ಸಿಕ್ಕವರು ಆಟೋ ಚಾಲಕರು, ಮನೆಬಾಗಿಲಿಗೆ ಆಹಾರ ತರುವ ಹುಡುಗರು, ತಳ್ಳುಗಾಡಿಯ ವ್ಯಾಪಾರಿಗಳು, ಪೌರಕಾರ್ಮಿಕರು. ಇಂಧನಕ್ಕೆ ಹೋದ ಹಣವನ್ನು ಅವರು ಮಧ್ಯಾಹ್ನದ ವಿಶ್ರಾಂತಿಯನ್ನು ಬಿಟ್ಟು ತುಂಬಿಕೊಳ್ಳುತ್ತಾರೆ. ನಾವಾದರೋ ಬಾಗಿಲು ಮುಚ್ಚಿ ಹವಾನಿಯಂತ್ರಕ ಹಾಕಿಕೊಳ್ಳುತ್ತೇವೆ. ಅದು ನಮ್ಮ ಕೋಣೆಯ ಬಿಸಿಯನ್ನು ಹೊರಕ್ಕೆ, ಅವರು ನಿಂತಿರುವ ಬೀದಿಗೇ ದಬ್ಬುತ್ತದೆ.

ನಮ್ಮ ಬೀದಿಗೆ ದಿನವೂ ಪೂಜೆಯ ಹೂ ತರುವ ತಾಯಿಯೊಬ್ಬರಿದ್ದಾರೆ. ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತವಾದುದರಿಂದ ಆ ಖರ್ಚು ಉಳಿದಿದೆ. ಆದರೆ ನಿಲ್ದಾಣದಿಂದ ಆಟೋ ಹಿಡಿಯುವುದನ್ನು ಬಿಟ್ಟು, ಬುಟ್ಟಿ ಹೊತ್ತು ನಡೆದೇ ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಲೆಸುತ್ತಿ ನಮ್ಮ ಗೇಟಿನ ಬಳಿ ಕುಳಿತುಬಿಟ್ಟರು. ನೀರು ಕೊಟ್ಟೆವು. ಎರಡು ಗುಟುಕು ಕುಡಿದು ಲೋಟವನ್ನು ಹಿಂದಿರುಗಿಸಿದರು. ಒತ್ತಾಯಿಸಿದಾಗ ತಲೆ ತಗ್ಗಿಸಿ, ‘ಕುಡಿದರೆ ಎಲ್ಲಿಗೆ ಹೋಗಲಿ ಅಮ್ಮಾ? ಸಂಜೆ ಮನೆಗೆ ಹೋಗುವ ತನಕ ತಡೆಯಬೇಕಲ್ಲ’ ಎಂದರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ವರ್ಷಗಟ್ಟಲೆ ಅವರು ತಂದ ಹೂವಿನಿಂದ ನಾವು ಇಷ್ಟಲಿಂಗವನ್ನು ಪೂಜಿಸಿದ್ದೆವು. ಅವರು ನೀರಡಿಸಿದ್ದುದು ನೀರಿಲ್ಲದುದರಿಂದಲ್ಲ, ಶೌಚಾಲಯವಿಲ್ಲದುದರಿಂದ ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಇದು ಸಣ್ಣ ಸಂಗತಿಯಲ್ಲ. ಬೆವರು ಆವಿಯಾದಾಗಲೇ ದೇಹ ತಂಪಾಗುವುದು. ಬಿಸಿಯನ್ನು ಹೊರಹಾಕಲು ಹೃದಯವು ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ. ನೀರು ಸಾಲದಾದಾಗ ಬೆವರು ಕುಗ್ಗುತ್ತದೆ, ಹೃದಯ ದಣಿಯುತ್ತದೆ, ಮೂತ್ರಪಿಂಡಗಳಿಗೂ ಪೆಟ್ಟು ಬೀಳುತ್ತದೆ. ನೀರು ಕುಡಿಯದೆ, ಮೂತ್ರ ತಡೆಹಿಡಿದು ದಿನ ಕಳೆಯುವ ಹೆಂಗಸರಿಗೆ ಮೂತ್ರನಾಳದ ಸೋಂಕು ಸುಲಭವಾಗಿ ತಗಲುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಅವರು ಕೇಳುವ ಮುನ್ನವೇ ನೀರು ಕೊಡಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕಾಣುವುದು ಒಳಿತು. ತಾವಾಗಿ ಔಷಧ ನಿಲ್ಲಿಸಬಾರದು.

ತಲೆನೋವು, ವಾಕರಿಕೆ, ವಿಪರೀತ ಬೆವರು, ಸ್ನಾಯುಸೆಳೆತ ಕಂಡರೆ ಕೂಡಲೇ ನೆರಳಿಗೆ ಕರೆದು ಕೂರಿಸಿ, ನಿಧಾನವಾಗಿ ನೀರು ಕುಡಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಮನೆಯಲ್ಲೇ ಜೀವಜಲ ಸಿದ್ಧ. ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ; ಜೀವಕ್ಕೇ ಅಪಾಯ. ಆಗ 108ಕ್ಕೆ ಕರೆ ಮಾಡಿ, ವಾಹನ ಬರುವ ತನಕ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಆದರೆ ಚಿಕಿತ್ಸೆಗಿಂತ ಮೊದಲು ಬಾಗಿಲು ತೆರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ಗೇಟಿನ ಪಕ್ಕದಲ್ಲಿ ಒಂದು ಮಣ್ಣಿನ ಹೂಜಿ, ಮಧ್ಯಾಹ್ನಕ್ಕೆ ನೀರುಮಜ್ಜಿಗೆ, ಕೂರಲು ಒಂದು ಕಲ್ಲುಬೆಂಚು ಇಡುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಇದನ್ನು ಅನೇಕ ಭಕ್ತರು ಈಗಾಗಲೇ ಮಾಡುತ್ತಿದ್ದಾರೆ. ಕಷ್ಟವಾಗುವುದು ಮುಂದಿನ ಹೆಜ್ಜೆ. ನಮ್ಮ ಹಳೆಯ ಮನೆಗಳ ಹಿತ್ತಿಲಲ್ಲಿ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಹೊರಗಿನ ಶೌಚಾಲಯವೊಂದು ಇದ್ದೇ ಇರುತ್ತದೆ. ಅದಕ್ಕೆ ಬೀಗವೂ ಇರುತ್ತದೆ. ಆ ಬೀಗ ತೆಗೆಯಲು ನಮಗೆ ಏಕೆ ಮನಸ್ಸಾಗದು? ಕಳ್ಳರ ಭಯ, ಸ್ವಚ್ಛತೆಯ ಚಿಂತೆ, ಟ್ಯಾಂಕರ್ ನೀರಿನ ಬೆಲೆ ಎಂದು ಕಾರಣ ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಅವುಗಳ ಹಿಂದೆ ಹಳೆಯ ಮಡಿಯೊಂದು ಅಡಗಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿ ಪ್ರಶ್ನಿಸಿದ್ದು ಇಂಥ ಮಡಿಯನ್ನೇ ಅಲ್ಲವೇ?

ಪರಿಚಿತರಾದ ನಾಲ್ಕೈದು ಮಂದಿಯಿಂದಲೇ ಆರಂಭಿಸಬಹುದು: ಹೂವಿನವರು, ತರಕಾರಿಯವರು, ಬೀದಿ ಗುಡಿಸುವವರು, ಮನೆಗೆಲಸದವರು. ಮನೆಗೆ ತರಿಸುವ ವಸ್ತುಗಳನ್ನು ಹನ್ನೆರಡರಿಂದ ಮೂರು ಗಂಟೆಯ ನಡುವೆ ತರಿಸದಿರೋಣ. ಉಪ್ಪಿನಕಾಯಿಗೆ ಮಸಾಲೆ ಕುಟ್ಟಿಸುವಂಥ, ಮಾಡು ತೊಳೆಸುವಂಥ ಕೆಲಸಗಳನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳೋಣ. ಬೇಳೆಕಾಳನ್ನು ರಾತ್ರಿಯೇ ನೆನೆಹಾಕಿ ಬೆಳಿಗ್ಗೆ ಬೇಯಿಸಿಟ್ಟರೆ ಅನಿಲವೂ ಉಳಿಯುತ್ತದೆ, ಮಧ್ಯಾಹ್ನದ ಒಲೆಯ ಮುಂದೆ ಬೇಯುವ ಮನೆಯ ಹೆಣ್ಣುಮಕ್ಕಳ ದೇಹವೂ ಉಳಿಯುತ್ತದೆ. ರಾಗಿ ಅಂಬಲಿ, ಕೋಸಂಬರಿಗಳು ನಮ್ಮ ಹಿರಿಯರು ಬೇಸಿಗೆಗೆಂದೇ ಉಳಿಸಿಕೊಟ್ಟ ಅಡುಗೆ.

ಶರಣರು ಕಾಯಕಕ್ಕೆ ಮಹತ್ವ ಕೊಟ್ಟರು. ಆದರೆ ಕಾಯವೇ ಕುಸಿದರೆ ಕಾಯಕವೆಲ್ಲಿ? ಅನ್ನದಾಸೋಹದಲ್ಲಿ ನಮ್ಮ ಮಠಗಳ ಹೆಸರು ದೊಡ್ಡದು. ಅದೇ ದಾಸೋಹ ಈ ಬೇಸಿಗೆಯಲ್ಲಿ ನಮ್ಮ ನಮ್ಮ ಗೇಟಿನವರೆಗೆ ಬರಲಿ.

ಹೂವಿನ ತಾಯಿಗೆ ಈಗ ನಮ್ಮ ಹಿತ್ತಿಲ ಬಾಗಿಲಿನ ಬೀಗದ ಕೈ ಎಲ್ಲಿರುತ್ತದೆಂದು ಗೊತ್ತು. ಈಗ ಅವರು ಲೋಟದ ನೀರನ್ನು ಪೂರ್ತಿಯಾಗಿ ಕುಡಿಯುತ್ತಾರೆ.