‘ಉಳಿಸು’ ಒತ್ತಿದರೂ ಉಳಿಯದ ಕಂತು

ಒಂದು ಮಹಿಳಾ ಸಂಘಕ್ಕೆ ಲೆಕ್ಕ ಬರೆಯಲು ನಾವೇ ಕೂತು ಒಂದು ಚಿಕ್ಕ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆವು. ಭಾಷೆ ಪೈಥಾನ್. ಕಿಟಕಿ, ಖಾನೆ, ಬಟನ್ ಎಲ್ಲ ಟಿಕಿಂಟರ್‌ನಲ್ಲಿ. ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಂಡರೆ ಟಿಕಿಂಟರ್ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಆಮೇಲೆ ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಸದಸ್ಯೆಯ ಹೆಸರು, ಉಳಿತಾಯ, ಸಾಲದ ಕಂತು ಎಂದು ಮೂರು ಖಾನೆ, ಕೆಳಗೆ ‘ಉಳಿಸು’ ಎಂಬ ಒಂದು ಬಟನ್. ಎಲ್ಲ ಕನ್ನಡದಲ್ಲಿ. ನಮಗೆ ಹೆಮ್ಮೆಯೋ ಹೆಮ್ಮೆ.

ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯೆಯ ಕಂತು ಬಾಕಿ ಎಂದು ಪಟ್ಟಿ ಹೇಳಿತು. “ಕಟ್ಟಿದ್ದೀನಲ್ಲ” ಎಂದರು ಆಕೆ. ಹತ್ತು ಜನರ ಮುಂದೆ ಆ ಮಾತನ್ನು ಎರಡು ಸಲ ಹೇಳಬೇಕಾಯಿತು. ಪುಣ್ಯಕ್ಕೆ ಪುಸ್ತಕ ಬರೆಯುವ ಅಕ್ಕ ಹಳೇ ನೋಟ್‌ಬುಕ್ ಬಿಟ್ಟಿರಲಿಲ್ಲ. ಅದರಲ್ಲಿ 1,250 ರೂಪಾಯಿ, ತಾರೀಖಿನ ಸಮೇತ ಇತ್ತು.

ಆಗಿದ್ದು ಇಷ್ಟು. ಅಕ್ಕ ಕಂಪ್ಯೂಟರಿನಲ್ಲೂ ನೋಟ್‌ಬುಕ್ಕಿನ ಹಾಗೆಯೇ ಅಲ್ಪವಿರಾಮ ಹಾಕಿ ‘1,250’ ಎಂದು ಟೈಪ್ ಮಾಡಿದ್ದರು. ಆ ಅಲ್ಪವಿರಾಮ ಇದ್ದರೆ ಪೈಥಾನ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ತಮಾಷೆ ಎಂದರೆ, ಕನ್ನಡ ಅಂಕಿಯಲ್ಲಿ ‘೧೨೫೦’ ಎಂದು ಬರೆದಿದ್ದರೆ ತಕರಾರಿಲ್ಲದೆ ಒಪ್ಪುತ್ತಿತ್ತು! ಬೇರೆಯವರ ಕಂತು 500, 800 ಇದ್ದದ್ದರಿಂದ ಅಲ್ಪವಿರಾಮದ ಪ್ರಶ್ನೆಯೇ ಬಂದಿರಲಿಲ್ಲ.

ತಪ್ಪಾದರೆ ಕಂಪ್ಯೂಟರ್ ಹೇಳಬೇಕಲ್ಲ ಎಂದು ನೀವು ಕೇಳಬಹುದು. ಹೇಳಿತ್ತು, ಆದರೆ ಯಾರೂ ಇಲ್ಲದ ಕಡೆ. ಬಟನ್ ಒತ್ತಿದಾಗ ಆದ ತಪ್ಪನ್ನು ಟಿಕಿಂಟರ್ ಹಿಂದಿನ ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತದೆ. ಆ ಕಪ್ಪು ಕಿಟಕಿ ನೋಡಿ ಅಕ್ಕ ಗಾಬರಿಯಾಗಬಾರದೆಂದು ಅದು ತೆರೆಯದ ಹಾಗೆ ನಾವೇ ಮಾಡಿದ್ದೆವು. ಮುಂದಿನ ಕಿಟಕಿ ಮಾತ್ರ ಏನೂ ಆಗದವರಂತೆ ಸುಮ್ಮನಿತ್ತು.

ತಪ್ಪು ಅಕ್ಕನದಲ್ಲ, ನಮ್ಮದು.

ಹಾಗಾದರೆ ಇಂಥ ಉಸಾಬರಿಯೇ ಬೇಡ, ಕೊಂಡು ತಂದ ಸಾಫ್ಟ್‌ವೇರ್ ಸಾಕು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಕೊಂಡು ತಂದದ್ದರಲ್ಲಿ ಬಟನ್ ಇಂಗ್ಲಿಷಿನಲ್ಲಿದ್ದರೆ ಯಾರನ್ನು ಕೇಳಿ ಬದಲಾಯಿಸುತ್ತೀರಿ? ಓದಲು ಬರುವ ಒಬ್ಬರೇ ಕಂಪ್ಯೂಟರ್ ಮುಂದೆ ಕೂರುತ್ತಾರೆ, ಉಳಿದವರು ಅವರು ಹೇಳಿದ್ದನ್ನು ನಂಬಬೇಕು. ದುಡ್ಡಿನ ವಿಷಯದಲ್ಲಿ ಅದು ಒಳ್ಳೆಯದಲ್ಲ. ನಮ್ಮ ತಪ್ಪು ಸಿಕ್ಕಿದ್ದೂ ಪಟ್ಟಿ ಕನ್ನಡದಲ್ಲಿತ್ತು, ಆಕೆ ತನ್ನ ಹೆಸರಿನ ಮುಂದೆ ಏನಿದೆ ಎಂದು ತಾನೇ ಓದಿದರು ಎನ್ನುವ ಕಾರಣಕ್ಕೆ.

ಈ ಕೆಲಸ ದೊಡ್ಡ ಎಂಜಿನಿಯರುಗಳಿಗೆ ಮಾತ್ರ ಎಂಬ ಭಯವೂ ಬೇಡ. ಟಿಕಿಂಟರ್‌ನ ಒಳಗಿರುವ ಟಿಕೆಯನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಕಟ್ಟಿದರು. ಅವರದೇ ಟಿಸಿಎಲ್ ಎಂಬ ಸಣ್ಣ ಸ್ಕ್ರಿಪ್ಟ್ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದರೆ ಕಿಟಕಿ ತೆರೆಯಬೇಕು ಎನ್ನುವುದಕ್ಕೇ ಅದು ಹುಟ್ಟಿದ್ದು. ಪೈಥಾನ್ ಮೊದಲು ಹೊರಬಂದದ್ದು 1991ರಲ್ಲಿ. ಕಾಲೇಜಿನಲ್ಲಿ ಅದನ್ನು ಕಲಿತ ಹುಡುಗ ಹುಡುಗಿಯರು ಈಗ ಹಳ್ಳಿಗಳಲ್ಲೂ ಇದ್ದಾರೆ. ಮಾರ್ಕ್ಸ್ ಬಂದ ಮೇಲೆ ಅದನ್ನು ಮರೆಯುತ್ತಾರೆ, ಅಷ್ಟೇ.

ಬರೆಯುವವರಿಗೆ ಒಂದೆರಡು ಮಾತು. ಫೈಲಿಗೆ ಬರೆಯುವಾಗ ಯುಟಿಎಫ್-8 ಎಂದು ಹೇಳದಿದ್ದರೆ ವಿಂಡೋಸ್‌ನಲ್ಲಿ ಕನ್ನಡ ಕೈಕೊಡಬಹುದು. ಲಿನಕ್ಸ್‌ನಲ್ಲಿ ಟಿಕೆ ಒತ್ತಕ್ಷರಗಳನ್ನು ಒಡೆದು ತೋರಿಸಬಹುದು, ಮೊದಲೇ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಬಳಸುವವರ ಪಕ್ಕ ಕೂತು ಒಂದು ಸಭೆ ಮುಗಿಯುವವರೆಗೆ ಸುಮ್ಮನೆ ನೋಡಿ. ನಾವು ನೋಡಿರಲಿಲ್ಲ.

ಆಮೇಲೆ ಕೂತೆವು. ಈಗ ಅಲ್ಪವಿರಾಮವನ್ನು ಪ್ರೋಗ್ರಾಮೇ ತೆಗೆದುಹಾಕುತ್ತದೆ. ಅಂಕಿ ಅರ್ಥವಾಗದಿದ್ದರೆ “ಮೊತ್ತ ಸರಿಯಿಲ್ಲ, ಇನ್ನೂ ಬರೆದುಕೊಂಡಿಲ್ಲ” ಎಂದು ಕನ್ನಡದಲ್ಲಿ ಒಂದು ಪೆಟ್ಟಿಗೆ ಮುಂದೆ ಬಂದು ನಿಲ್ಲುತ್ತದೆ. ಸರಿಯಿದ್ದರೆ, ಫೈಲಿಗೆ ಬರೆದದ್ದನ್ನೇ ಮತ್ತೆ ಓದಿ ಕೆಳಗೆ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ನೋಟ್‌ಬುಕ್ ಕೂಡ ಮುಂದುವರಿದಿದೆ, ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ.

ಅಕ್ಕ ಇನ್ನೊಂದು ತಿದ್ದುಪಡಿ ಹೇಳಿದರು. “ಉಳಿಸು ಅಂದರೆ ಉಳಿತಾಯ ಅಲ್ವಾ? ಸಾಲದ ಕಂತಿಗೂ ಅದನ್ನೇ ಯಾಕೆ ಒತ್ತೋದು?” ನಾವು ಇಂಗ್ಲಿಷಿನ ‘ಸೇವ್’ ಅನ್ನು ತಲೆಯಲ್ಲಿಟ್ಟುಕೊಂಡು ಕನ್ನಡ ಬರೆದಿದ್ದೆವು. ಈಗ ಆ ಬಟನ್ ಮೇಲೆ ‘ಬರೆದುಕೋ’ ಎಂದಿದೆ.